ಕಡಲ ಗಸ್ತು ವಿಮಾನದ ಹೊಟ್ಟೆಯಲ್ಲಿ ಇರುವ ಆಯುಧಗಳೆಷ್ಟು, ಅವುಗಳ ಉಪಯೋಗವೇನು?

ವಿದ್ಯಾನಗರ ಮಾಸ್ತರ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಹತ್ತಿರವೇ ಈಗ ನೌಕಾಪಡೆಯ ಹಳೆಯ ಕಡಲ ಗಸ್ತು ವಿಮಾನವಾದ ಟುಪೊಲೆವ್-142 ಅನ್ನೂ ಇರಿಸಿರುವುದರಿಂದ, ಅರಬೈಲ್ ಘಟ್ಟ ಇಳಿದು ಪ್ರವಾಸ ಮುಗಿಸಿ ಬಂದ ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರ ಸಿಗುತ್ತಿಲ್ಲ. ಚಾಪಲ್ ಕ್ಷಿಪಣಿ ದೋಣಿಯೆಂಬುದು ಅದರ ಎರಡೂ ಬದಿಯ ದಪ್ಪ ಕೊಳವೆಗಳಿಂದಲೇ ತಿಳಿಯುತ್ತದೆ. ವಿಮಾನವಾದರೋ ಅಷ್ಟು ದೊಡ್ಡದಿದ್ದರೂ ರೆಕ್ಕೆಯ ಕೆಳಗೆ ಏನನ್ನೂ ತೂಗಿಕೊಂಡಿಲ್ಲ. "ಸರ್, ಇದು ಯುದ್ಧವಿಮಾನವೇ, ಅಥವಾ ಬರೀ ನೋಡಿಕೊಂಡು ಬರುವ ವಿಮಾನವೇ?" ಎಂದು ಒಬ್ಬ ಹುಡುಗಿ ಕೇಳಿದಳು.

ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ಈ ಕುರಿತು ಎರಡು ಪಕ್ಷಗಳಾಗಿವೆ. ಇಂಥ ವಿಮಾನಗಳು ಕಣ್ಣಿನ ಕೆಲಸ ಮಾಡುತ್ತವೆಯೇ ಹೊರತು ಕೈಯ ಕೆಲಸ ಮಾಡುವುದಿಲ್ಲ, ಶತ್ರುವನ್ನು ಕಂಡರೆ ಹಡಗುಗಳಿಗೆ ಸುದ್ದಿ ಮುಟ್ಟಿಸುವುದಷ್ಟೇ ಅವುಗಳ ಹೊಣೆ ಎಂಬುದು ಒಬ್ಬ ಹಿರಿಯ ಸಹೋದ್ಯೋಗಿಯ ಅಭಿಪ್ರಾಯ. ಇನ್ನೊಬ್ಬರು, ಈಗಿನ ಪಿ-8ಐ ಗಸ್ತು ವಿಮಾನವು ಒಂದು ಯುದ್ಧನೌಕೆಯಷ್ಟೇ ಆಯುಧಗಳನ್ನು ಹೊತ್ತು ಹಾರುತ್ತದೆ ಎಂದು ವಾದಿಸುತ್ತಾರೆ. ಎರಡರಲ್ಲಿ ಯಾವುದು ನಿಜಕ್ಕೆ ಹತ್ತಿರ? ಈ ವಿಮಾನಗಳು ಯಾವ ಆಯುಧಗಳನ್ನು ಎಷ್ಟು ಸಂಖ್ಯೆಯಲ್ಲಿ ಒಯ್ಯುತ್ತವೆ, ಅವನ್ನು ಯಾವ ಕ್ರಮದಲ್ಲಿ ಬಳಸುತ್ತವೆ ಎಂಬುದನ್ನು ಬಲ್ಲವರು ತುಸು ವಿಸ್ತಾರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಮಕ್ಕಳಿಗೆ ಹೇಳಬೇಕಾದ್ದರಿಂದ, ಊಹೆಗಿಂತ ಖಚಿತ ಮಾಹಿತಿ ಇದ್ದರೆ ಉಪಕಾರವಾಗುತ್ತದೆ.

ಹಾವೇರಿ ನಾವಿಕ:

ಮಾಸ್ತರರೇ, ನೌಕಾಪಡೆಯ ವಿಮಾನ ವಿಭಾಗದಲ್ಲಿ ಸೇವೆ ಮುಗಿಸಿ ಈಗ ಹಾವೇರಿಯಲ್ಲಿ ನೆಲೆಸಿದ್ದೇನೆ. ಇಲ್ಲಿ ಬರೆಯುತ್ತಿರುವುದೆಲ್ಲ ಈಗಾಗಲೇ ಪ್ರಕಟವಾಗಿ ಎಲ್ಲರಿಗೂ ಲಭ್ಯವಿರುವ ಸಂಗತಿಗಳೇ. ಅದರಾಚೆಗೆ ಬರೆಯುವುದೂ ಇಲ್ಲ, ಕೇಳಬಾರದೆಂದೂ ವಿನಂತಿ.

ನಿಮ್ಮ ಸಹೋದ್ಯೋಗಿಗಳಿಬ್ಬರ ಮಾತನ್ನೂ ಒಪ್ಪುವುದು ಕಷ್ಟ. ಆಯುಧಗಳು ಇವೆ, ಅವು ನಿಜಕ್ಕೂ ಮಾರಕವೇ ಆಗಿವೆ. ಆದರೆ ಸಂಖ್ಯೆಯಲ್ಲಿ ಬಹಳ ಕಡಿಮೆ. ಕಡಿಮೆ ಇರುವುದಕ್ಕೆ ಸರಿಯಾದ ಕಾರಣವೂ ಇದೆ.

ಮೊದಲು ಪಿ-8ಐ. ಪ್ರಯಾಣಿಕರನ್ನು ಒಯ್ಯುವ ಬೋಯಿಂಗ್ 737-800ರ ಒಡಲಿಗೆ 737-900ರ ಮಾದರಿಯ ರೆಕ್ಕೆಗಳನ್ನು ಜೋಡಿಸಿ, ಇಡೀ ರಚನೆಯನ್ನು ಬಲಪಡಿಸಿ ತಯಾರಿಸಿದ ವಿಮಾನ ಇದು. 2009ರಲ್ಲಿ ಎಂಟು ವಿಮಾನಗಳಿಗೆ ಒಪ್ಪಂದವಾಯಿತು, 2013ರ ಮೇ ತಿಂಗಳಲ್ಲಿ ಮೊದಲನೆಯದು ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿ ನೆಲೆಗೆ ಬಂದಿಳಿಯಿತು, 2016ರಲ್ಲಿ ಇನ್ನೂ ನಾಲ್ಕಕ್ಕೆ ಆದೇಶ ಹೋಗಿ ಈಗ ಒಟ್ಟು ಹನ್ನೆರಡು ಇವೆ. ನಮ್ಮ ಭಾಗಕ್ಕೆ ಹತ್ತಿರದ್ದೆಂದರೆ ಗೋವಾದ ಐಎನ್‌ಎಸ್ ಹಂಸಾದಲ್ಲಿ 2022ರ ಮಾರ್ಚ್‌ನಲ್ಲಿ ಆರಂಭವಾದ 316ನೆಯ ಸ್ಕ್ವಾಡ್ರನ್.

ಈ ವಿಮಾನದಲ್ಲಿ ಆಯುಧ ಕೂರಿಸಲು ಹನ್ನೊಂದು ಜಾಗಗಳಿವೆ. ರೆಕ್ಕೆಯ ಹಿಂದೆ ಒಡಲಿನ ತಳಭಾಗದಲ್ಲಿ ಬಾಗಿಲು ಮುಚ್ಚಿಕೊಳ್ಳುವ ಆಯುಧ ಕೋಣೆ ಇದೆ, ಅದರೊಳಗೆ ಐದು. ಹೊರಗೆ ರೆಕ್ಕೆಗಳ ಕೆಳಗೆ ನಾಲ್ಕು, ಒಡಲಿನ ಕೆಳಗೆ ಎರಡು. ಒಳಗಿನ ಕೋಣೆ ಮುಖ್ಯವಾಗಿ ಜಲಾಂತರ್ಗಾಮಿಯ ವಿರುದ್ಧ ಬಳಸುವ ಮಾರ್ಕ್ 54 ಹಗುರ ಟಾರ್ಪಿಡೊಗಳಿಗೆ, ಅಂದರೆ ನೀರಿನೊಳಗೆ ತಾವೇ ಸಾಗಿ ಗುರಿಗೆ ಬಡಿದು ಸಿಡಿಯುವ ಆಯುಧಗಳಿಗೆ, ಮೀಸಲು. ನೀರಿನಲ್ಲಿ ನಿಗದಿತ ಆಳಕ್ಕಿಳಿದು ಸಿಡಿಯುವ ಡೆಪ್ತ್ ಚಾರ್ಜ್‌ಗಳನ್ನೂ ಅಲ್ಲಿಯೇ ಇಡಬಹುದು. ರೆಕ್ಕೆಗಳ ಕೆಳಗೆ ತೂಗುವುದು ಹಡಗು ಹೊಡೆಯುವ ಹಾರ್ಪೂನ್ ಕ್ಷಿಪಣಿ. ನಿಮ್ಮ ವಿದ್ಯಾರ್ಥಿನಿಗೆ ಕಾರವಾರದಲ್ಲಿ ಹೊರಗೆ ಏನೂ ಕಾಣದಿದ್ದುದಕ್ಕೂ ಇದೇ ವಿವರಣೆ ಸಲ್ಲುತ್ತದೆ, ಏಕೆಂದರೆ ಟುಪೊಲೆವ್-142 ಕೂಡ ತನ್ನ ಟಾರ್ಪಿಡೊ, ಬಾಂಬು, ಸಮುದ್ರ ಮೈನುಗಳನ್ನು ಒಡಲೊಳಗೇ ಇಟ್ಟುಕೊಂಡು ಹಾರುತ್ತಿತ್ತು. ಹೊರಗೆ ತೂಗಿದ ಒಂದೊಂದು ವಸ್ತುವೂ ಗಾಳಿಗೆ ಅಡ್ಡಬಂದು ಇಂಧನ ತಿನ್ನುತ್ತದೆ, ಗಂಟೆಗಟ್ಟಲೆ ಕಡಲ ಮೇಲೆ ಸುತ್ತಬೇಕಾದ ವಿಮಾನಕ್ಕೆ ಅದು ದುಬಾರಿ.

ಮಾರ್ಕ್ 54ರ ತೂಕ ಸುಮಾರು 276 ಕಿಲೋಗ್ರಾಂ, ವ್ಯಾಸ 324 ಮಿಲಿಮೀಟರ್, ಸಿಡಿತಲೆ 44 ಕಿಲೋಗ್ರಾಂನಷ್ಟು. ಜಲಾಂತರ್ಗಾಮಿಗಳು ಹೊತ್ತೊಯ್ಯುವ 533 ಮಿಲಿಮೀಟರ್ ವ್ಯಾಸದ ಭಾರಿ ಟಾರ್ಪಿಡೊಗಳ ಮುಂದೆ ಇದು ಕಿರಿಯದು. ಪ್ಯಾರಾಶೂಟ್ ಹಿಡಿದು ನೀರಿಗಿಳಿದ ಬಳಿಕ ಅದು ತಾನೇ ಶಬ್ದ ಹೊರಡಿಸಿ, ಮರುಧ್ವನಿಯನ್ನು ಆಲಿಸಿ ಗುರಿಯನ್ನು ಅರಸುತ್ತದೆ. ಹಿಂದಿನ ಮಾರ್ಕ್ 46ರ ಎಂಜಿನ್ನನ್ನೂ ಮಾರ್ಕ್ 50ರ ಶೋಧಕ ಭಾಗವನ್ನೂ ಕೂಡಿಸಿ ಇದನ್ನು ರೂಪಿಸಿದರು. ತೀರದ ಸಮೀಪದ ಆಳವಿಲ್ಲದ ನೀರಿನಲ್ಲಿ ತಳದಿಂದಲೂ ಮೇಲ್ಮೈಯಿಂದಲೂ ಬರುವ ಮರುಧ್ವನಿಗಳು ಟಾರ್ಪಿಡೊವನ್ನು ದಾರಿ ತಪ್ಪಿಸುತ್ತವೆ. ಅಂಥ ನೀರಿನಲ್ಲಿಯೂ ಗುರಿ ಬಿಡದಂತೆ ಮಾಡುವುದು ಈ ವಿನ್ಯಾಸದ ಉದ್ದೇಶಗಳಲ್ಲಿ ಒಂದಾಗಿತ್ತು.

ಆದರೆ ನನ್ನ ದೃಷ್ಟಿಯಲ್ಲಿ ಈ ವಿಮಾನದ ಮುಖ್ಯ ಸರಕು ಟಾರ್ಪಿಡೊ ಅಲ್ಲ, ಸೋನೊಬಾಯ್. ವಿಮಾನದಿಂದ ಕೆಳಗೆ ಬಿಡುವ ಉದ್ದನೆಯ ಡಬ್ಬಿ ಅದು. ನೀರಿಗೆ ಬಿದ್ದೊಡನೆ ಒಂದು ಭಾಗ ಮೇಲೆ ತೇಲುತ್ತ ರೇಡಿಯೊ ಸಂಕೇತ ಕಳುಹಿಸುತ್ತದೆ, ಇನ್ನೊಂದು ಭಾಗ ತಂತಿಯ ತುದಿಯಲ್ಲಿ ಆಳಕ್ಕಿಳಿದು ಶಬ್ದ ಆಲಿಸುತ್ತದೆ. ಕೆಲವು ಬರೀ ಕೇಳುತ್ತವೆ, ಕೆಲವು ತಾವೇ ಶಬ್ದ ಹೊರಡಿಸುತ್ತವೆ. ಕೆಲವು ಗಂಟೆಗಳಾದ ಮೇಲೆ ತಾವಾಗಿಯೇ ಮುಳುಗಿಹೋಗುತ್ತವೆ, ಮರಳಿ ಬಳಸುವಂತಿಲ್ಲ. ಇವನ್ನು ಪಿ-8 ವಿಮಾನವು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಒಯ್ಯಬಲ್ಲದು. ಹುಡುಕುವ ಸಾಧನ ನೂರಕ್ಕೂ ಹೆಚ್ಚು, ಹೊಡೆಯುವ ಟಾರ್ಪಿಡೊ ಐದು: ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಮಾನವನ್ನು ಯಾವ ಲೆಕ್ಕಾಚಾರದ ಮೇಲೆ ಕಟ್ಟಿದ್ದಾರೆ ಎಂಬುದು ತಿಳಿಯುತ್ತದೆ. ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಅಮೆರಿಕ ಸರ್ಕಾರವು 2020ರ ಏಪ್ರಿಲ್‌ನಲ್ಲಿ ನಮ್ಮ ಪಿ-8ಐಗಳಿಗಾಗಿ 16 ಮಾರ್ಕ್ 54 ಟಾರ್ಪಿಡೊಗಳ ಮಾರಾಟಕ್ಕೆ ಒಪ್ಪಿದಾಗ ಅಂದಾಜು ಮೊತ್ತ 6.3 ಕೋಟಿ ಡಾಲರ್ ಆಗಿತ್ತು. 2024ರಲ್ಲಿ ಭಾರತಕ್ಕೆ ಬರೀ ಸೋನೊಬಾಯ್‌ಗಳ ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗಲೂ ಮೊತ್ತ 5.28 ಕೋಟಿ ಡಾಲರ್ ಇತ್ತು.

ಬೇಟೆಯ ಕ್ರಮ ಹೀಗಿರುತ್ತದೆ. ಎಲ್ಲಿಂದಲೋ ಒಂದು ಸುಳಿವು ಬರುತ್ತದೆ. ರೇಡಾರ್ ತೆರೆಯ ಮೇಲೆ ಕ್ಷಣಕಾಲ ಮಿನುಗಿದ ಪೆರಿಸ್ಕೋಪೇ ಇರಬಹುದು, ಹಡಗೊಂದು ಕೇಳಿಸಿಕೊಂಡ ಶಬ್ದವೇ ಇರಬಹುದು. ವಿಮಾನ ಅಲ್ಲಿಗೆ ಧಾವಿಸಿ ಮೊದಲು ನೀರಿನ ತಾಪಮಾನ ಅಳೆಯುವ ಬಾಯ್ ಬಿಡುತ್ತದೆ, ಆಮೇಲೆ ಆಲಿಸುವ ಬಾಯ್‌ಗಳನ್ನು ಸಾಲಾಗಿಯೋ ವೃತ್ತಾಕಾರವಾಗಿಯೋ ಹರಡುತ್ತದೆ. ಒಂದೆರಡು ಬಾಯ್‌ಗಳಲ್ಲಿ ಶಬ್ದ ಸಿಕ್ಕಿದರೆ ಅವುಗಳ ಸುತ್ತ ಇನ್ನಷ್ಟು ಹತ್ತಿರಹತ್ತಿರ ಬಿಡುತ್ತ ಬಲೆಯನ್ನು ಬಿಗಿಗೊಳಿಸುತ್ತಾರೆ. ಕೊನೆಯ ಖಾತರಿಗೆ ನಮ್ಮ ಪಿ-8ಐಯ ಬಾಲದಲ್ಲಿ ಕಾಂತಕ್ಷೇತ್ರದ ಏರುಪೇರನ್ನು ಗುರುತಿಸುವ ಉಪಕರಣವಿದೆ, ನಾವು ಅದನ್ನು ಮ್ಯಾಡ್ ಎನ್ನುತ್ತೇವೆ. ಉಕ್ಕಿನ ದೊಡ್ಡ ಒಡಲು ಭೂಮಿಯ ಕಾಂತಕ್ಷೇತ್ರವನ್ನು ಅಲ್ಪಸ್ವಲ್ಪ ಕದಡುವುದನ್ನು ಅದು ಹಿಡಿಯುತ್ತದೆ. ಅಮೆರಿಕದ ಪಿ-8ಎಯಲ್ಲಿ ಅದನ್ನು ಕೈಬಿಟ್ಟರು, ಭಾರತ ಕೇಳಿ ಹಾಕಿಸಿಕೊಂಡಿತು. ಇಷ್ಟೆಲ್ಲ ಆದ ಮೇಲೆ ಒಂದು ಟಾರ್ಪಿಡೊ ಬೀಳುತ್ತದೆ. ಗಂಟೆಗಟ್ಟಲೆ ನಡೆದ ಕೆಲಸದಲ್ಲಿ ಆಯುಧದ ಪಾಲು ಕೆಲವೇ ನಿಮಿಷ.

ಸಪ್ತಾಪುರ ಭೌತಶಾಸ್ತ್ರ (ಧಾರವಾಡ):

ಹಾವೇರಿಯ ಹಿರಿಯರು ಕ್ರಮವನ್ನು ಚೆನ್ನಾಗಿ ವಿವರಿಸಿದ್ದಾರೆ. ಅದರ ಹಿಂದಿರುವ ಗಣಿತವನ್ನು ಸೇರಿಸಿದರೆ ಮಾಸ್ತರರಿಗೆ ತರಗತಿಯಲ್ಲಿ ಬಳಸಲು ಅನುಕೂಲವಾದೀತೆಂದು ಬರೆಯುತ್ತಿದ್ದೇನೆ.

ನೀರಿನೊಳಗೆ ಜಲಾಂತರ್ಗಾಮಿಯೊಂದು 5 ನಾಟ್, ಅಂದರೆ ಗಂಟೆಗೆ ಸುಮಾರು 9.3 ಕಿ.ಮೀ. ವೇಗದಲ್ಲಿ ಸದ್ದಿಲ್ಲದೆ ಸಾಗುತ್ತಿದೆ ಎಂದುಕೊಳ್ಳೋಣ. ಅದು ಒಮ್ಮೆ ಕಾಣಿಸಿ ಮುಳುಗಿದ ಮೇಲೆ ಯಾವ ದಿಕ್ಕಿಗೆ ಹೋಯಿತೆಂಬುದು ನಮಗೆ ತಿಳಿಯದು. ಅರ್ಧ ಗಂಟೆಯ ಬಳಿಕ ಅದು ಇರಬಹುದಾದ ವೃತ್ತದ ವಿಸ್ತೀರ್ಣ ಸುಮಾರು 67 ಚದರ ಕಿ.ಮೀ., ಒಂದು ಗಂಟೆಗೆ 270, ಎರಡು ಗಂಟೆಗೆ 1,075. ಕಾಲ ಎರಡು ಪಟ್ಟಾದರೆ ಹುಡುಕಬೇಕಾದ ಜಾಗ ನಾಲ್ಕು ಪಟ್ಟಾಗುತ್ತದೆ. ಒಂದು ಗಂಟೆಯ ವೃತ್ತದ ವ್ಯಾಸವೇ ಹುಬ್ಬಳ್ಳಿಯಿಂದ ಧಾರವಾಡಕ್ಕಿರುವ ದೂರದಷ್ಟಾಗುತ್ತದೆ ಎಂದರೆ ಮಕ್ಕಳಿಗೆ ಅದರ ಗಾತ್ರ ಕಣ್ಣಿಗೆ ಕಟ್ಟುತ್ತದೆ. ಹಗುರ ಟಾರ್ಪಿಡೊ ತಾನಾಗಿ ಗುರಿಯನ್ನು ಕಂಡುಹಿಡಿಯಬಲ್ಲದ್ದು ಕೆಲವೇ ಕಿ.ಮೀ. ಒಳಗೆ, ಡೆಪ್ತ್ ಚಾರ್ಜ್ ಆದರೆ ಒಡಲಿನಿಂದ ಕೆಲವೇ ಮೀಟರ್ ದೂರದಲ್ಲಿ ಸಿಡಿಯಬೇಕು. ಆದ್ದರಿಂದ ವಿಮಾನದ ವೇಗವನ್ನೂ ಆಯುಧಶಕ್ತಿಯ ಭಾಗವೆಂದೇ ಎಣಿಸಬೇಕು. ಗೋವಾದಿಂದ 400 ಕಿ.ಮೀ. ದೂರದ ಸುಳಿವಿನ ಜಾಗವನ್ನು ಗಂಟೆಗೆ 800 ಕಿ.ಮೀ. ವೇಗದ ಜೆಟ್ ಅರ್ಧ ಗಂಟೆಯಲ್ಲಿ ತಲುಪುತ್ತದೆ; ಅದರ ಅರ್ಧ ವೇಗದ ವಿಮಾನ ತಲುಪುವ ಹೊತ್ತಿಗೆ ಹುಡುಕಾಟದ ಜಾಗ ನಾಲ್ಕು ಪಟ್ಟು ಬೆಳೆದಿರುತ್ತದೆ. ಹೊಟ್ಟೆಯಲ್ಲಿ ಇನ್ನೂ ಹತ್ತು ಟಾರ್ಪಿಡೊ ತುಂಬಿದರೂ ಈ ಕೊರತೆ ತುಂಬುವುದಿಲ್ಲ.

ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಇಲ್ಲಿ ಬಹಳ ಪ್ರಸ್ತುತ. ಬ್ರಿಟನ್ನಿನ ಕರಾವಳಿ ವಾಯುದಳದ ವಿಮಾನಗಳು ಯು-ಬೋಟ್ ಎನ್ನುವ ಜರ್ಮನ್ ಜಲಾಂತರ್ಗಾಮಿಗಳ ಮೇಲೆ ಡೆಪ್ತ್ ಚಾರ್ಜ್ ಬಿಡುತ್ತಿದ್ದಾಗ ಅವು 100 ಅಡಿ ಆಳದಲ್ಲಿ ಸಿಡಿಯುವಂತೆ ಹೊಂದಿಸಲಾಗುತ್ತಿತ್ತು. ವಿಮಾನ ಹತ್ತಿರ ಬರುವುದರೊಳಗೆ ಯು-ಬೋಟ್ ಆಳಕ್ಕೆ ಇಳಿದಿರುತ್ತದೆ ಎಂಬುದು ಅದರ ಹಿಂದಿನ ತರ್ಕ. ಭೌತವಿಜ್ಞಾನಿ ಇ.ಜೆ. ವಿಲಿಯಮ್ಸ್ ದಾಳಿಗಳ ವರದಿಗಳನ್ನು ಕೂಲಂಕಷವಾಗಿ ನೋಡಿ, ಈ ತರ್ಕದಲ್ಲಿ ದೊಡ್ಡ ಕುಂದಿದೆ ಎಂದು ತೋರಿಸಿದರು. ಆಳಕ್ಕೆ ಇಳಿದ ಯು-ಬೋಟ್ ಎತ್ತ ತಿರುಗಿತೆಂಬುದೇ ತಿಳಿಯದ ಕಾರಣ ಆಳ ಸರಿಯಿದ್ದರೂ ಜಾಗ ತಪ್ಪುತ್ತಿತ್ತು. ಮೇಲ್ಮೈಯಲ್ಲಿಯೋ ಆಗತಾನೇ ಮುಳುಗುತ್ತಲೋ ಇದ್ದ ಯು-ಬೋಟ್‌ನ ಜಾಗ ನಿಖರವಾಗಿ ಗೊತ್ತಿದ್ದರೂ ಸಿಡಿತ ತೀರ ಆಳದಲ್ಲಾಗಿ ವ್ಯರ್ಥವಾಗುತ್ತಿತ್ತು. ಸಿಡಿಯುವ ಆಳವನ್ನು ಹಂತಹಂತವಾಗಿ 25 ಅಡಿಗೆ ಇಳಿಸಿದ ಮೇಲೆ ಮುಳುಗಿಸಿದ ಯು-ಬೋಟ್‌ಗಳ ಪ್ರಮಾಣ ಗಣನೀಯವಾಗಿ ಏರಿತು. ಸಿಡಿಮದ್ದು ಹೆಚ್ಚಲಿಲ್ಲ, ವಿಮಾನವೂ ಬದಲಾಗಲಿಲ್ಲ. ಜಾಗ ಖಚಿತವಿರುವಲ್ಲಿ ಮಾತ್ರ ಹೊಡೆಯುವಂತೆ ಹೊಂದಿಸಿದ್ದಷ್ಟೇ ವ್ಯತ್ಯಾಸ.

ಇನ್ನು ಶಬ್ದದ ವಿಷಯ. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಆದರೆ ಅದು ನೇರ ಗೆರೆಯಲ್ಲಿ ಸಾಗುವುದಿಲ್ಲ. ಬಿಸಿಲಿಗೆ ಕಾದ ಮೇಲಿನ ನೀರಿನಿಂದ ಕೆಳಗಿನ ತಣ್ಣನೆಯ ನೀರಿನ ಕಡೆಗೆ ಶಬ್ದ ಬಾಗುತ್ತದೆ. ಬಾಗಿದ ಕಾರಣ ನಡುವೆ ಶಬ್ದವೇ ತಲುಪದ ನೆರಳಿನ ಪ್ರದೇಶ ಉಂಟಾಗುತ್ತದೆ. ಚತುರ ನಾಯಕನಿರುವ ಜಲಾಂತರ್ಗಾಮಿ ಅಲ್ಲಿಯೇ ಅಡಗುತ್ತದೆ. ಮೊದಲು ತಾಪಮಾನದ ಬಾಯ್ ಬಿಡುತ್ತಾರೆಂದು ಹಿರಿಯರು ಬರೆದದ್ದು ಇದಕ್ಕಾಗಿಯೇ. ಬಂಗಾಳ ಕೊಲ್ಲಿಯಲ್ಲಿ ಗಂಗಾ, ಬ್ರಹ್ಮಪುತ್ರಾದಂಥ ನದಿಗಳ ಸಿಹಿನೀರು ಮೇಲ್ಪದರದ ಲವಣಾಂಶವನ್ನು ಇಳಿಸುವುದರಿಂದ ಲೆಕ್ಕ ಇನ್ನಷ್ಟು ಜಟಿಲವಾಗುತ್ತದೆ. ನಮ್ಮ ಅರಬ್ಬಿ ಸಮುದ್ರದ ಲೆಕ್ಕವೇ ಬೇರೆ.

ಬೆಟಗೇರಿ ಓದುಗ (ಗದಗ):

ಮೇಡಂ ಅವರ ಲೆಕ್ಕ ಒಪ್ಪುವಂಥದ್ದೇ. ಆದರೆ ಇಬ್ಬರೂ ಜಲಾಂತರ್ಗಾಮಿಯನ್ನೇ ಹಿಡಿದು ಮಾತಾಡಿದ್ದರಿಂದ ಚಿತ್ರದ ಅರ್ಧಭಾಗ ಮಸುಕಾಗಿದೆ ಎಂದು ನನಗನ್ನಿಸುತ್ತದೆ. ನೀರಿನ ಮೇಲಿರುವ ಹಡಗನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಅಲ್ಲಿ ಆಯುಧ ಎಷ್ಟು ದೂರ ತಲುಪುತ್ತದೆ ಎಂಬುದೇ ನಿರ್ಣಾಯಕ. ಅಲ್ಲಿ ಪಿ-8ಐಯ ಸ್ಥಿತಿ ಅಷ್ಟೇನೂ ನೆಮ್ಮದಿಯದ್ದಲ್ಲ.

9,000 ಮೀಟರ್ ಎತ್ತರದಲ್ಲಿರುವ ವಿಮಾನದ ರೇಡಾರ್‌ಗೆ ದಿಗಂತ ಸುಮಾರು 390 ಕಿ.ಮೀ. ದೂರದಲ್ಲಿರುತ್ತದೆ. ಹಾರ್ಪೂನ್ ಕ್ಷಿಪಣಿಯ ವ್ಯಾಪ್ತಿ 120 ಕಿ.ಮೀ.ಗಿಂತ ತುಸು ಹೆಚ್ಚು. ಅಂದರೆ ಕಾಣುವ ದೂರದ ಮೂರನೆಯ ಒಂದು ಭಾಗದಷ್ಟು ಮಾತ್ರ ಕೈ ಚಾಚಲು ಸಾಧ್ಯ. ಕ್ಷಿಪಣಿಯೇನೋ ಸಮರ್ಥವಾದದ್ದು: 220 ಕಿಲೋಗ್ರಾಂಗೂ ಮಿಕ್ಕಿದ ಸಿಡಿತಲೆ, ಅಲೆಗಳಿಗೆ ತಾಗುವಂತೆ ತಗ್ಗಿನಲ್ಲಿ ಹಾರುವ ಗುಣ, ಕೊನೆಯ ಹಂತದಲ್ಲಿ ತನ್ನದೇ ರೇಡಾರ್‌ನಿಂದ ಗುರಿ ಹಿಡಿಯುವ ವ್ಯವಸ್ಥೆ. ನೀರಿನಿಂದ 25 ಮೀಟರ್ ಎತ್ತರದಲ್ಲಿ ರೇಡಾರ್ ಇರುವ ಹಡಗಿಗೆ 5 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಕಾಣಿಸುವುದು ಹೆಚ್ಚೆಂದರೆ 30 ಕಿ.ಮೀ. ದೂರದಿಂದ. ಸೆಕೆಂಡಿಗೆ 240 ಮೀಟರ್ ವೇಗ ಹಿಡಿದರೂ ಹಡಗಿನವರಿಗೆ ಉಳಿಯುವ ಸಮಯ ಎರಡು ನಿಮಿಷವಷ್ಟೇ. ಇಷ್ಟೆಲ್ಲ ಸರಿ. ಆದರೆ ನೂರಾರು ಕಿ.ಮೀ. ವ್ಯಾಪ್ತಿಯ ವಿಮಾನ ನಿರೋಧಕ ಕ್ಷಿಪಣಿಗಳಿರುವ ಇಂದಿನ ವಿಧ್ವಂಸಕ ನೌಕೆಯೊಂದಕ್ಕೆ 120 ಕಿ.ಮೀ. ಹತ್ತಿರಕ್ಕೆ, ಮರೆಯಾಗಲಾರದ ಪ್ರಯಾಣಿಕ ವಿಮಾನದ ಆಕಾರದ ಯಂತ್ರವನ್ನು ಒಯ್ಯುವುದು ಧೈರ್ಯದ ಮಾತಲ್ಲ, ದುಡುಕಿನ ಮಾತು. ದಿಗಂತದ ಕೆಳಗೆ ಇಳಿದು ಅಡಗಿ ಸಾಗಬಹುದು ನಿಜ. ಆಗ ವಿಮಾನಕ್ಕೂ ಹಡಗು ಕಾಣುವುದಿಲ್ಲ, ಬೇರೊಬ್ಬರು ಗುರಿ ಹೇಳಬೇಕಾಗುತ್ತದೆ. ಅಮೆರಿಕದ ನೌಕಾಪಡೆ ತನ್ನ ಪಿ-8ಎಗೆ ಇನ್ನೂ ಬಹುದೂರ ಹೋಗುವ ಎಲ್‌ಆರ್‌ಎಎಸ್‌ಎಂ ಕ್ಷಿಪಣಿಯನ್ನು ಅಳವಡಿಸಲು ಮುಂದಾದುದಕ್ಕೆ ಈ ಅಂತರವೇ ಕಾರಣವೆಂದು ನಾನು ತಿಳಿಯುತ್ತೇನೆ.

ಗುರಿ ಬಲಹೀನವಾಗಿದ್ದಾಗ ಕತೆ ಬೇರೆ. 2011ರ ಮಾರ್ಚ್‌ನಲ್ಲಿ ಲಿಬಿಯಾದ ಮಿಸ್ರಾತಾ ಬಂದರಿನ ಬಳಿ ಅಮೆರಿಕದ ಪಿ-3ಸಿ ಓರಿಯನ್ ಗಸ್ತು ವಿಮಾನವೊಂದು ಮ್ಯಾವೆರಿಕ್ ಕ್ಷಿಪಣಿ ಹಾರಿಸಿ ವಿಟ್ಟೋರಿಯಾ ಎಂಬ ಕರಾವಳಿ ಕಾವಲು ನೌಕೆಯನ್ನು ಹೊಡೆಯಿತು. ಪಾರಾಗಲು ದಾರಿಯಿಲ್ಲದೆ ಆ ನೌಕೆ ದಡ ಹತ್ತಿತು.

ಹಾಗೆಂದು ಮಾಸ್ತರರ ಹಿರಿಯ ಸಹೋದ್ಯೋಗಿಯ ಮಾತನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. 1982ರ ಫಾಕ್ಲೆಂಡ್ ಯುದ್ಧದಲ್ಲಿ ಮೇ 4ರಂದು ಅರ್ಜೆಂಟೀನಾದ ಹಳೆಯ ನೆಪ್ಚೂನ್ ಗಸ್ತು ವಿಮಾನವೊಂದು ರೇಡಾರ್ ಬಳಸಿ ಬ್ರಿಟಿಷ್ ಹಡಗುಗಳ ನೆಲೆಯನ್ನು ಹಿಡಿದು, ಎರಡು ಸೂಪರ್ ಎತಾಂದಾರ್ ವಿಮಾನಗಳಿಗೆ ತಿಳಿಸಿತು. ಅವು ಹಾರಿಸಿದ ಎಕ್ಸೋಸೆಟ್ ಕ್ಷಿಪಣಿ ಶೆಫೀಲ್ಡ್ ವಿಧ್ವಂಸಕ ನೌಕೆಗೆ ಬಡಿಯಿತು, 20 ಮಂದಿ ಸತ್ತರು, ಕೆಲವು ದಿನಗಳಲ್ಲಿ ಹಡಗೂ ಮುಳುಗಿತು. ನೆಪ್ಚೂನ್ ತಾನಾಗಿ ಏನನ್ನೂ ಹಾರಿಸಿರಲಿಲ್ಲ.

ವಿದ್ಯಾನಗರ ಮಾಸ್ತರ (ಹುಬ್ಬಳ್ಳಿ):

ಮೂವರಿಗೂ ಕೃತಜ್ಞತೆಗಳು. ವೃತ್ತದ ಲೆಕ್ಕವನ್ನು ಗಣಿತದ ಶಿಕ್ಷಕರಿಗೂ ತೋರಿಸಿದೆ, ಅವರು ಅದನ್ನು ಒಂಬತ್ತನೆಯ ತರಗತಿಗೆ ಎತ್ತಿಕೊಂಡಿದ್ದಾರೆ. ನನ್ನಲ್ಲಿ ಇನ್ನೆರಡು ಸಂದೇಹಗಳು ಉಳಿದಿವೆ. ಹಾರ್ಪೂನ್‌ನ ವ್ಯಾಪ್ತಿ ಸಾಲದೆಂದಾದರೆ ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯನ್ನು ಪಿ-8ಐಗೆ ತೂಗಿಸಬಾರದೇಕೆ? ಮತ್ತೆ, ಶತ್ರುವಿನ ಯುದ್ಧವಿಮಾನವೊಂದು ಎದುರಾದರೆ ಇದು ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಯಾವುದು?

ಹಾವೇರಿ ನಾವಿಕ:

ಬೆಟಗೇರಿಯವರ ಆಕ್ಷೇಪ ಸರಿಯಾಗಿದೆ, ಹಡಗಿನ ವಿಷಯದಲ್ಲಿ ಅವರ ಮಾತಿಗೆ ನಾನು ಸೇರಿಸುವುದೇನೂ ಇಲ್ಲ.

ಬ್ರಹ್ಮೋಸ್‌ನ ವೈಮಾನಿಕ ಆವೃತ್ತಿಯ ತೂಕ ಎರಡೂವರೆ ಟನ್. ಹಾರ್ಪೂನ್ ಅರ್ಧ ಟನ್ನಿನ ಆಸುಪಾಸಿನದು. ಸುಖೋಯ್-30ರಂಥ ಗಟ್ಟಿ ಯುದ್ಧವಿಮಾನದಲ್ಲಿಯೂ ಒಡಲನ್ನು ಬಲಪಡಿಸಿದ ನಂತರವೇ ಹೊಟ್ಟೆಯ ಕೆಳಗೆ ಒಂದೇ ಒಂದು ಬ್ರಹ್ಮೋಸ್ ಕೂರಿಸಲು ಸಾಧ್ಯವಾಯಿತು. ಮೊದಲ ಉಡಾವಣೆ ನಡೆದದ್ದು 2017ರ ನವೆಂಬರ್‌ನಲ್ಲಿ. ಪಿ-8ರ ರೆಕ್ಕೆಯ ಕೆಳಗಿನ ಜಾಗಗಳನ್ನು ಹಾರ್ಪೂನ್‌ನಂಥ ಕ್ಷಿಪಣಿಗಳ ತೂಕಕ್ಕೆ ಅಣಿಗೊಳಿಸಿದ್ದಾರೆ. ಭಾರದ ಜೊತೆಗೆ ತಯಾರಕರ ಒಪ್ಪಿಗೆ, ಗುರಿನಿರ್ದೇಶನದ ಕಂಪ್ಯೂಟರ್‌ನ ಹೊಂದಾಣಿಕೆ, ವರ್ಷಗಟ್ಟಲೆ ಹಾರಾಟ ಪರೀಕ್ಷೆ, ಇವೆಲ್ಲ ಬೇಕಾಗುತ್ತವೆ.

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಯುದ್ಧವಿಮಾನದ ಎದುರು ಕಾದಾಡಿ ಗೆಲ್ಲುವುದಕ್ಕೆ ಇದನ್ನು ಕಟ್ಟಿಲ್ಲ. ಎಚ್ಚರಿಕೆಯ ಉಪಕರಣಗಳು, ಬೆನ್ನಟ್ಟಿ ಬರುವ ಕ್ಷಿಪಣಿಯ ದಿಕ್ಕು ತಪ್ಪಿಸುವ ಸಾಧನಗಳು ಇರುತ್ತವೆ, ಅಷ್ಟೇ. ಟುಪೊಲೆವ್-142ರ ಬಾಲದಲ್ಲಿ 23 ಮಿಲಿಮೀಟರಿನ ಜೋಡಿ ಫಿರಂಗಿಗಳಿದ್ದವು, ಕ್ಷಿಪಣಿಗಳ ಕಾಲದಲ್ಲಿ ಅವುಗಳ ಉಪಯೋಗ ಅಷ್ಟಕ್ಕಷ್ಟೇ. ಬ್ರಿಟಿಷರು 1982ರಲ್ಲಿ ತಮ್ಮ ನಿಮ್ರಾಡ್ ಗಸ್ತು ವಿಮಾನಗಳಿಗೆ ತರಾತುರಿಯಲ್ಲಿ ಸೈಡ್‌ವೈಂಡರ್ ಕ್ಷಿಪಣಿಗಳನ್ನು ಕಟ್ಟಿದ್ದುಂಟು, ಆದರೆ ಆ ಪದ್ಧತಿ ಹೆಚ್ಚು ಹಬ್ಬಲಿಲ್ಲ.

ಈ ದೌರ್ಬಲ್ಯದ ಬೆಲೆ ನಮ್ಮವರಿಗೂ ನೆರೆಯವರಿಗೂ ಗೊತ್ತಿದೆ. 1971ರ ಡಿಸೆಂಬರ್ 9ರಂದು ದೀವ್ ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ನೌಕೆಯನ್ನು ಮುಳುಗಿಸಿತು. ಆ ಜಲಾಂತರ್ಗಾಮಿಯನ್ನು ಅರಸುತ್ತಿದ್ದ ನಮ್ಮ ಅಲಿಝೆ ವಿಮಾನವೊಂದನ್ನು ಪಾಕಿಸ್ತಾನದ ಎಫ್-104 ಯುದ್ಧವಿಮಾನ ಹೊಡೆದುರುಳಿಸಿತು, ಹಂಗೋರ್ ಪಾರಾಯಿತು. ಆ ಕಾಲಕ್ಕೆ ದೂರಗಾಮಿ ಕಡಲ ಗಸ್ತು ನೌಕಾಪಡೆಯ ಕೈಯಲ್ಲಿ ಇರಲಿಲ್ಲ, ವಾಯುಪಡೆಯ ಬಳಿ ಇತ್ತು. 1976ರಲ್ಲಿ ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳೊಂದಿಗೆ ಆ ಹೊಣೆ ನಮಗೆ ಬಂದಿತು, ಮರುವರ್ಷವೇ ಇಲ್ಯುಶಿನ್-38, 1988ರಲ್ಲಿ ಟುಪೊಲೆವ್-142. 1999ರ ಆಗಸ್ಟ್ 10ರಂದು ಸರದಿ ತಿರುಗಿತು: ಕಛ್ ಗಡಿಯಲ್ಲಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ಗಸ್ತು ವಿಮಾನವನ್ನು ನಮ್ಮ ಮಿಗ್-21 ಒಂದೇ ಕ್ಷಿಪಣಿಯಿಂದ ಉರುಳಿಸಿತು, ಅದರಲ್ಲಿದ್ದ 16 ಮಂದಿಯೂ ಸತ್ತರು. ಎಕ್ಸೋಸೆಟ್ ಹಾರಿಸಬಲ್ಲ ಮಾದರಿಯ ವಿಮಾನ ಅದು. ಅದರ ಆಯುಧ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ನೆಲದ ಮೇಲೂ ಇವು ಸುರಕ್ಷಿತವಲ್ಲ. 2011ರ ಮೇ ತಿಂಗಳಲ್ಲಿ ಕರಾಚಿಯ ಮೆಹರಾನ್ ನೆಲೆಗೆ ನುಗ್ಗಿದ ಉಗ್ರರು ಎರಡು ಪಿ-3ಸಿ ಓರಿಯನ್‌ಗಳನ್ನು ಸುಟ್ಟುಹಾಕಿದರು.

ಸಪ್ತಾಪುರ ಭೌತಶಾಸ್ತ್ರ (ಧಾರವಾಡ):

ಹಿರಿಯರಲ್ಲಿ ಒಂದು ಪ್ರಶ್ನೆ. ಟಾರ್ಪಿಡೊಗೆ ರೆಕ್ಕೆ ಕಟ್ಟಿ ಎತ್ತರದಿಂದಲೇ ಬಿಡುವ ವ್ಯವಸ್ಥೆಯೊಂದನ್ನು ಅಮೆರಿಕದವರು ಪಿ-8ಎಗೆ ಸಿದ್ಧಪಡಿಸಿದ್ದಾರೆಂದು ಓದಿದ್ದೇನೆ. ಎತ್ತರದಿಂದ ಬಿಟ್ಟಷ್ಟೂ ಟಾರ್ಪಿಡೊ ನೀರಿಗೆ ತಲುಪುವುದು ತಡವಾಗುತ್ತದೆ. ನಾನು ಮೇಲೆ ಹೇಳಿದ ವೃತ್ತ ಆ ಹೊತ್ತಿನಲ್ಲಿಯೂ ಬೆಳೆಯುತ್ತಲೇ ಇರುತ್ತದೆಯಲ್ಲವೇ?

ಹಾವೇರಿ ನಾವಿಕ:

ಹೌದು ಮೇಡಂ, ಅದೇ ಅದರ ಮುಖ್ಯ ಸವಾಲು. ಹಳೆಯ ಪದ್ಧತಿಯಲ್ಲಿ ವಿಮಾನ ಕೆಲವು ನೂರು ಅಡಿಗಳವರೆಗೆ ಇಳಿದು ಟಾರ್ಪಿಡೊ ಬಿಡಬೇಕು. ಜೆಟ್ ಎಂಜಿನ್ ತಗ್ಗಿನಲ್ಲಿ ಇಂಧನವನ್ನು ಬಹಳ ಕುಡಿಯುತ್ತದೆ, ಉಪ್ಪುಗಾಳಿಯೂ ತಗ್ಗಿನ ಹೊಯ್ದಾಟವೂ ಒಡಲನ್ನು ಸವೆಸುತ್ತವೆ, ಇಳಿದು ಮತ್ತೆ ಏರುವ ಹೊತ್ತಿನಲ್ಲಿ ದೂರದ ಬಾಯ್‌ಗಳ ರೇಡಿಯೊ ಸಂಕೇತವೂ ಕೈತಪ್ಪಬಹುದು. ರೆಕ್ಕೆಯ ಕಿಟ್ ಜೋಡಿಸಿದ ಮಾರ್ಕ್ 54 ಅನ್ನು 30,000 ಅಡಿಯಿಂದ ಬಿಟ್ಟರೆ ಅದು ಜಿಪಿಎಸ್ ನೆರವಿನಿಂದ ತೇಲುತ್ತ ಹೋಗಿ, ನೀರಿನ ಸಮೀಪ ರೆಕ್ಕೆಗಳನ್ನು ಕಳಚಿ, ಪ್ಯಾರಾಶೂಟ್ ಬಿಚ್ಚಿ ಇಳಿಯುತ್ತದೆ. ತೇಲುವ ಆ ನಿಮಿಷಗಳಲ್ಲಿ ಜಲಾಂತರ್ಗಾಮಿ ಸುಮ್ಮನಿರುವುದಿಲ್ಲವಾದ್ದರಿಂದ, ಬಾಯ್‌ಗಳು ಅದನ್ನು ಎಡೆಬಿಡದೆ ಕೇಳುತ್ತಲೇ ಇರಬೇಕು ಮತ್ತು ಬಿಡುವ ಮುನ್ನ ಅದರ ದಿಕ್ಕು, ವೇಗ ಎರಡೂ ಗೊತ್ತಿರಬೇಕು. ಮ್ಯಾಡ್ ಉಪಕರಣಕ್ಕೆ ಗುರಿ ಕೆಲವು ನೂರು ಮೀಟರ್‌ಗಳ ಒಳಗಿದ್ದರಷ್ಟೇ ಸಿಗುವುದು. 30,000 ಅಡಿಯ ಮೇಲಿಂದ ಅದು ನಿಷ್ಪ್ರಯೋಜಕ. ಮೇಲಿನಿಂದಲೇ ಹೊಡೆಯುವ ಯೋಜನೆಯಿದ್ದುದರಿಂದ ಅಮೆರಿಕದವರಿಗೆ ಅದನ್ನು ಬಿಡುವುದು ಸುಲಭವಾಯಿತು. ನಮ್ಮ ವಿಮಾನಗಳ ಬಾಲದಲ್ಲಿ ಅದು ಇದೆ, ಅದನ್ನು ಬಳಸಬೇಕಾದಾಗ ಈಗಲೂ ತಗ್ಗಿಗೆ ಇಳಿಯಲೇಬೇಕು.